ಕೆರೆ ಕಾಣುವ ಮನೆ: ಕೊಳ್ಳುವ ಮುಂಚೆ ಹಾಕಬೇಕಾದ ಲೆಕ್ಕ

ಬೆಂಗಳೂರು–ಚೆನ್ನೈ ಹೆದ್ದಾರಿಯಲ್ಲಿ ಹೊಸಕೋಟೆ ದಾಟಿ ಕೋಲಾರದ ಕಡೆ ಹೊರಟರೆ ದಾರಿಯಲ್ಲಿ ನರಸಾಪುರ ಸಿಗುತ್ತದೆ. ಒಂದು ಕಡೆ ಕಾರ್ಖಾನೆಗಳು, ಇನ್ನೊಂದು ಕಡೆ ಕೆರೆ, ದೂರದಲ್ಲಿ ಬೆಟ್ಟಸಾಲು. ಇಂಥ ಜಾಗದಲ್ಲಿ ಒಂದು ತೋಟದ ಮನೆ ಕೊಂಡು, ತಾವು ಬಾರದ ದಿನಗಳಲ್ಲಿ ಪ್ರವಾಸಿಗರಿಗೆ ಬಾಡಿಗೆಗೆ ಬಿಟ್ಟರೆ ಬ್ಯಾಂಕಿನ ಕಂತು ತಾನೇ ಹುಟ್ಟುತ್ತದೆ ಎಂಬ ಆಸೆ ಬೆಂಗಳೂರಿನ ಅನೇಕರಿಗಿದೆ. ಆಸೆ ತಪ್ಪಲ್ಲ. ಆದರೆ ಅಡ್ವಾನ್ಸ್ ಕೊಡುವ ಮುಂಚೆ ನೋಟ, ಕಾಗದ, ಲೆಕ್ಕ ಈ ಮೂರನ್ನೂ ಇದೇ ಕ್ರಮದಲ್ಲಿ ಪರೀಕ್ಷಿಸಬೇಕು. ಈ ವ್ಯವಹಾರಕ್ಕೆ ಹೊಸಬರಾದವರಿಗಾಗಿ ಒಂದೊಂದಾಗಿ ವಿವರಿಸುತ್ತೇನೆ.

ನೋಟ: ನೀರು ಯಾವುದು, ಬರುವವರು ಯಾರು?

ಕೋಲಾರ ಜಿಲ್ಲೆಯಲ್ಲಿ ವರ್ಷಪೂರ್ತಿ ಹರಿಯುವ ನದಿಯಿಲ್ಲ. ಮಳೆ ಕೈಕೊಟ್ಟ ವರ್ಷ ಕೆರೆಯಂಗಳದಲ್ಲಿ ಜಾಲಿ ಬೆಳೆಯುತ್ತಿದ್ದ ಕಾಲ ಹಳೆಯದೇನಲ್ಲ. ಈ ಭಾಗದ ಚಿತ್ರ ಬದಲಾದದ್ದು ಕೆ.ಸಿ. ವ್ಯಾಲಿ ಯೋಜನೆಯಿಂದ. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಎರಡು ಹಂತದಲ್ಲಿ ಸಂಸ್ಕರಿಸಿ ಪಂಪ್ ಮಾಡಿ 2018ರ ಜೂನ್‌ನಲ್ಲಿ ಮೊದಲು ಲಕ್ಷ್ಮೀಸಾಗರ ಕೆರೆಗೆ ಬಿಟ್ಟರು. ಅಲ್ಲಿಂದ ಮುಂದಿನ ಕೆರೆಗಳಿಗೆ ಹರಿದ ನೀರು ನರಸಾಪುರದ ಕೆರೆಯನ್ನೂ ತುಂಬಿಸಿತು. ಮರು ತಿಂಗಳೇ ನೀರಿನಲ್ಲಿ ಬಿಳಿ ನೊರೆ ಕಾಣಿಸಿಕೊಂಡು, ವಿಷಯ ಹೈಕೋರ್ಟಿನವರೆಗೆ ಹೋಯಿತು.

ಕೊಳ್ಳುವವರು ಇದರಿಂದ ತಿಳಿಯಬೇಕಾದದ್ದು ಇಷ್ಟು. ಈ ನೀರಿನ ಉದ್ದೇಶ ಅಂತರ್ಜಲ ಮರುಪೂರಣ. ಅತಿಥಿಗಳು ಇಳಿದು ಈಜುವ ನೀರು ಇದಲ್ಲ. ಹಾಗಾಗಿ ಜಾಗ ನೋಡಲು ಮಳೆ ನಿಂತ ನವೆಂಬರಿನ ಒಂದು ಬೆಳಗ್ಗೆ ಮಾತ್ರ ಹೋದರೆ ಸಾಲದು. ಏಪ್ರಿಲ್ ಬಿಸಿಲಿನಲ್ಲೂ ಹೋಗಿ, ಸಂಜೆ ಸೊಳ್ಳೆ ಏಳುವ ಹೊತ್ತಿಗೂ ಹೋಗಿ. ಪಕ್ಕದ ತೋಟದವರನ್ನು ಬೋರ್‌ವೆಲ್ ಎಷ್ಟು ಅಡಿಗೆ ಹೋಗಿದೆ, ಎಷ್ಟು ಇಂಚು ನೀರು ಬರುತ್ತಿದೆ, ಎಷ್ಟು ಬೋರ್ ಫೇಲ್ ಆಗಿವೆ ಎಂದು ಕೇಳಿ. ಸಾವಿರ ಅಡಿ ದಾಟಿಯೂ ಬರೀ ಧೂಳು ಬಂದ ಬೋರ್‌ವೆಲ್‌ಗಳು ಈ ಜಿಲ್ಲೆಯಲ್ಲಿ ಬೇಕಾದಷ್ಟಿವೆ.

ಇನ್ನು ಬರುವವರ ಮಾತು. ಅಂತರಗಂಗೆ ಬೆಟ್ಟ, ಕೋಲಾರಮ್ಮ ಮತ್ತು ಸೋಮೇಶ್ವರ ದೇವಾಲಯಗಳು, ಕಮ್ಮಸಂದ್ರದ ಕೋಟಿಲಿಂಗೇಶ್ವರ, ಆವನಿ, ಕುರುಡುಮಲೆ ಎಲ್ಲವೂ ನೋಡತಕ್ಕ ಜಾಗಗಳೇ. ಆದರೆ ಬೆಂಗಳೂರಿನವರು ಇವನ್ನು ಬೆಳಗ್ಗೆ ಹೊರಟು ಸಂಜೆಗೆ ಮುಗಿಸಿ ಮನೆ ಸೇರುತ್ತಾರೆ. ಕೊಡಗು, ಚಿಕ್ಕಮಗಳೂರಿಗೆ ಹೋದವರು ದೂರದ ಕಾರಣಕ್ಕಾದರೂ ರಾತ್ರಿ ತಂಗಬೇಕು. ಇಲ್ಲಿ ಆ ಅಗತ್ಯವಿಲ್ಲ. ಊರು ಹತ್ತಿರವಿರುವುದು ಮಾಲೀಕನಿಗೆ ಅನುಕೂಲ, ಬಾಡಿಗೆಗೆ ಅಲ್ಲ.

ಕಾಗದ: ಪಹಣಿಯನ್ನು ಓದುವುದು

ಕರ್ನಾಟಕ ಭೂ ಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಂಗಳನ್ನು 2020ರಲ್ಲಿ ತೆಗೆದ ಮೇಲೆ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ಆದರೆ ಕೊಂಡ ಮಾತ್ರಕ್ಕೆ ಅಲ್ಲಿ ರೆಸಾರ್ಟ್ ನಡೆಸುವ ಹಕ್ಕು ಬರುವುದಿಲ್ಲ. ಭೂ ಕಂದಾಯ ಕಾಯ್ದೆಯ 95ನೇ ಕಲಂ ಕೃಷಿ ಜಮೀನಿನಲ್ಲಿ ತೋಟದ ಮನೆಗೆ ಅವಕಾಶ ಕೊಟ್ಟಿರುವುದು ಹಿಡುವಳಿಯ ಶೇ. 10ರ ಮಿತಿಯೊಳಗೆ, ಅದೂ ಸಾಗುವಳಿದಾರರ ಸ್ವಂತ ಬಳಕೆಗೆ. ಬಾಡಿಗೆಯ ವ್ಯವಹಾರಕ್ಕೆ ಡಿಸಿ ಕನ್ವರ್ಷನ್, ಅಂದರೆ ಕೃಷಿಯೇತರ ಬಳಕೆಗೆ ಜಿಲ್ಲಾಧಿಕಾರಿಯ ಭೂ ಪರಿವರ್ತನೆ ಆದೇಶ ಬೇಕು, ಪಂಚಾಯಿತಿಯ ಪರವಾನಗಿ ಬೇಕು. ಮನೆ ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿದ್ದರೆ ಪಂಚಾಯಿತಿಯ ಆಸ್ತಿ ದಾಖಲೆಯಾದ ಇ-ಸ್ವತ್ತಿನ ನಮೂನೆ 9 ಮತ್ತು 11 ಕೇಳಿ ಪಡೆಯಿರಿ.

ಜಮೀನಿನ ಹಕ್ಕುದಾಖಲೆಯಾದ ಪಹಣಿಯನ್ನು (ಆರ್‌ಟಿಸಿ) ಕೈಯಲ್ಲಿ ಹಿಡಿದು ನಿಧಾನವಾಗಿ ನೋಡಿ. 9ನೇ ಕಾಲಂನಲ್ಲಿ ಸ್ವಾಧೀನದಾರರ ಹೆಸರು. ಮಾರುವವರ ಹೆಸರೇ ಇದೆಯೇ, ಜಂಟಿಯಾಗಿ ಅಣ್ಣತಮ್ಮಂದಿರೂ ಇದ್ದಾರೆಯೇ? 10ರಲ್ಲಿ ಜಮೀನು ಅವರಿಗೆ ಬಂದ ರೀತಿ. 11ರಲ್ಲಿ ಋಣಗಳು; ಸೊಸೈಟಿ ಸಾಲ ತೀರದೆ ಉಳಿದಿದ್ದರೆ ಇಲ್ಲೇ ಕಾಣುತ್ತದೆ. ವಿಸ್ತೀರ್ಣದ ಕಾಲಂನಲ್ಲಿ 'ಬಿ' ಖರಾಬು ಎಂದು ಕೆಲವು ಗುಂಟೆ ಇದ್ದರೆ ಅದು ದಾರಿ, ಹಳ್ಳ, ಕಾಲುವೆಯಂಥ ಸಾರ್ವಜನಿಕ ಜಾಗ. ಕೆರೆಯ ಅಂಚಿನ ಜಮೀನುಗಳಲ್ಲಿ ಇದು ಅಪರೂಪವಲ್ಲ. ದಲ್ಲಾಳಿ ನಿಮ್ಮನ್ನು ನಿಲ್ಲಿಸಿ ನೋಟ ತೋರಿಸಿದ ಜಾಗವೇ 'ಬಿ' ಖರಾಬಿನಲ್ಲಿರಬಹುದು. ಆದ್ದರಿಂದ ಸರ್ವೆಯರನ್ನು ಕರೆಸಿ ಗಡಿ ಅಳೆಸಿ ಹದ್ದುಬಸ್ತು ಮಾಡಿಸದೆ ಮುಂದುವರಿಯಬೇಡಿ.

ಇನ್ನೆರಡು ಎಚ್ಚರಿಕೆ. ಪರಿಶಿಷ್ಟ ಜಾತಿ, ಪಂಗಡದ ಕುಟುಂಬಕ್ಕೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಸರ್ಕಾರದ ಪೂರ್ವಾನುಮತಿ ಇಲ್ಲದೆ ಕೊಂಡರೆ, 1978ರ ಪಿಟಿಸಿಎಲ್ ಕಾಯ್ದೆಯಡಿ ಅದು ಮೂಲ ಕುಟುಂಬಕ್ಕೆ ವಾಪಸ್ಸಾಗುತ್ತದೆ. ಅರ್ಜಿ ಹಾಕಲು ಅವರಿಗೆ ಕಾಲಮಿತಿ ಇಲ್ಲವೆಂದು 2023ರ ತಿದ್ದುಪಡಿ ಹೇಳುತ್ತದೆ. ಬೆಟ್ಟದ ತಪ್ಪಲಿನ ಜಮೀನಾದರೆ ಅರಣ್ಯದ ಗಡಿಯನ್ನೂ ತಾಳೆ ನೋಡಿ. ಶ್ರೀನಿವಾಸಪುರ ತಾಲ್ಲೂಕಿನಲ್ಲಿ 2023ರಲ್ಲಿ ಅರಣ್ಯ ಇಲಾಖೆ ಒತ್ತುವರಿ ತೆರವಿಗೆ ಇಳಿದಾಗ ಫಲ ಕೊಡುತ್ತಿದ್ದ ಮಾವಿನ ಮರಗಳೂ ಉಳಿಯಲಿಲ್ಲ.

ಲೆಕ್ಕ: ಎಷ್ಟು ರಾತ್ರಿ ತುಂಬಬೇಕು?

ಈಗ ಅಂಕಿಗಳು. ಇವು ಉದಾಹರಣೆಗೆ ಹಿಡಿದವು. ನಿಮ್ಮ ಅಂಕಿ ಹಾಕಿಕೊಂಡು ಇದೇ ಕ್ರಮದಲ್ಲಿ ಕೂಡಿ ಕಳೆಯಿರಿ.

ಎರಡು ಕೋಣೆಯ ಮನೆಯ ಬೆಲೆ 60 ಲಕ್ಷ ಎನ್ನೋಣ. ಗ್ರಾಮೀಣ ಪ್ರದೇಶದಲ್ಲಿ ಮುದ್ರಾಂಕ ಶುಲ್ಕ, ಸೆಸ್, ಸರ್ಚಾರ್ಜ್ ಸೇರಿ ಶೇ. 5.65. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ ಶೇ. 1ರ ಬದಲು ಶೇ. 2. ಒಟ್ಟು ಶೇ. 7.65, ಅಂದರೆ 4.59 ಲಕ್ಷ. ಕಾಂಪೌಂಡ್, ಮಂಚ-ಹಾಸಿಗೆ, ಯುಪಿಎಸ್, ಸಿಸಿ ಕ್ಯಾಮೆರಾ, ನೀರಿನ ಸಂಪ್‌ಗೆ ಸುಮಾರು ಹತ್ತೂವರೆ ಲಕ್ಷ. ನಿಮ್ಮ ಬಂಡವಾಳ 75 ಲಕ್ಷವಾಯಿತು.

ಒಂದು ರಾತ್ರಿಗೆ ಇಡೀ ಮನೆಗೆ 5,000 ರೂಪಾಯಿ, ವರ್ಷಕ್ಕೆ 80 ರಾತ್ರಿ ಭರ್ತಿ ಎಂದು ಹಿಡಿದರೆ ಆದಾಯ 4 ಲಕ್ಷ. ಬುಕಿಂಗ್ ಆ್ಯಪ್‌ನ ಕಮಿಷನ್ ಶೇ. 15ರಂತೆ 60,000. ಕಾವಲಿಗೆ, ಕಸಮುಸುರೆಗೆ ಇರುವ ದಂಪತಿಗೆ ತಿಂಗಳಿಗೆ 12,000ದಂತೆ 1.44 ಲಕ್ಷ. ಕರೆಂಟು, ಇಂಟರ್ನೆಟ್, ಟ್ಯಾಂಕರ್ ನೀರು 48,000. ಪ್ರತಿ ಅತಿಥಿ ಹೋದ ಮೇಲೆ ಹೊದಿಕೆ ಒಗೆಸಿ ಸ್ವಚ್ಛ ಮಾಡಿಸಲು 400ರಂತೆ 32,000. ರಿಪೇರಿ 50,000. ಕಂದಾಯ, ವಿಮೆ, ಪರವಾನಗಿ 16,000. ಒಟ್ಟು ಖರ್ಚು ಮೂರೂವರೆ ಲಕ್ಷ; ಉಳಿದದ್ದು 50,000. ಅದು 75 ಲಕ್ಷದ ಮೇಲೆ ಶೇ. 1ಕ್ಕಿಂತ ಕಡಿಮೆ. ಅದೇ ಹಣ ಶೇ. 6.5ರ ಠೇವಣಿಯಲ್ಲಿದ್ದರೆ ವರ್ಷಕ್ಕೆ 4.87 ಲಕ್ಷ ಬಡ್ಡಿ ಬರುತ್ತಿತ್ತು. 40 ಲಕ್ಷ ಸಾಲ ಮಾಡಿ ಕೊಂಡಿದ್ದರೆ, ಶೇ. 9ರ ಬಡ್ಡಿಯಲ್ಲಿ 20 ವರ್ಷದ ಕಂತು ತಿಂಗಳಿಗೆ ಸುಮಾರು 36,000. ಕಂತು ತಾನೇ ಹುಟ್ಟುವ ಮಾತು ಇಲ್ಲಿಗೆ ಮುಗಿಯಿತು.

ಇದನ್ನೇ ತಿರುಗಿಸಿ ನೋಡೋಣ. ಅತಿಥಿ ಬರಲಿ ಬಿಡಲಿ ಆಗುವ ಖರ್ಚು 2.58 ಲಕ್ಷ. ಒಂದು ರಾತ್ರಿಯಿಂದ ಕೈಗೆ ನಿಲ್ಲುವುದು 3,850. ಅಸಲು ಖರ್ಚು ಹುಟ್ಟಲು 68 ರಾತ್ರಿ ಬೇಕು. ಠೇವಣಿಯ ಬಡ್ಡಿಗೆ ಸರಿಗಟ್ಟಲು 194. ವರ್ಷದ ಶುಕ್ರವಾರ, ಶನಿವಾರಗಳನ್ನೆಲ್ಲ ಸೇರಿಸಿದರೂ 104 ರಾತ್ರಿಯೇ. ಮಿಕ್ಕ 90 ರಾತ್ರಿಗೆ ನರಸಾಪುರಕ್ಕೆ ಯಾರು ಬರುತ್ತಾರೆ?

ವಾರದ ದಿನಗಳ ಬಾಡಿಗೆ

ಆ ಪ್ರಶ್ನೆಗೆ ಉತ್ತರ, ಹೆದ್ದಾರಿಯ ಆಚೆ ಬದಿಯಲ್ಲಿದೆ. ಹೋಂಡಾ ದ್ವಿಚಕ್ರ ವಾಹನ ಕಾರ್ಖಾನೆ 2013ರಿಂದ ಇಲ್ಲಿದೆ. ಐಫೋನ್ ಜೋಡಿಸುವ ವಿಸ್ಟ್ರಾನ್ ಘಟಕವನ್ನು 2023ರಲ್ಲಿ ಟಾಟಾ ಕೊಂಡಿತು. ಯಂತ್ರ ಕೂರಿಸಲು, ತಪಾಸಣೆಗೆ, ತರಬೇತಿಗೆ ಬರುವವರು ಇಂಥ ಕಡೆ ವಾರಗಟ್ಟಲೆ ತಂಗುತ್ತಾರೆ. ಅವರಿಗೆ ಬೇಕಾದದ್ದು ಶಿಫ್ಟಿಗೆ ಮುಂಚೆ ತಿಂಡಿ, ಬಿಸಿನೀರು, ಕಡಿದುಹೋಗದ ಇಂಟರ್ನೆಟ್, ಜಿಎಸ್‌ಟಿ ಬಿಲ್. ಕೆರೆ ಕಂಡರೆ ಸಂತೋಷ, ಕಾಣದಿದ್ದರೆ ತಕರಾರಿಲ್ಲ. ಕಾರ್ಮಿಕರಿಗಂತೂ ನೋಟ ಬೇಕಿಲ್ಲ. ಅದೇ 75 ಲಕ್ಷದಲ್ಲಿ ಊರೊಳಗೆ ಎಂಟು ಸಾದಾ ರೂಮು ಸಿಕ್ಕು, ತಿಂಗಳಿಗೆ ತಲಾ 5,000ದಂತೆ 11 ತಿಂಗಳು ತುಂಬಿದರೆ 4.4 ಲಕ್ಷ; 80,000 ಖರ್ಚು ಕಳೆದರೆ 3.6 ಲಕ್ಷ ಉಳಿಯುತ್ತದೆ. ಇಂಥ ಮನೆ ಬಾಡಿಗೆಗೆ ಆದಾಯ ತೆರಿಗೆಯಲ್ಲಿ ಶೇ. 30ರ ಕಡಿತವೂ ಉಂಟು. ಆದರೆ ಇದಕ್ಕೂ ತನ್ನದೇ ಅಪಾಯವಿದೆ: 2020ರ ಡಿಸೆಂಬರಿನ ಕಾರ್ಮಿಕರ ಗಲಭೆಯ ನಂತರ ವಿಸ್ಟ್ರಾನ್ ಘಟಕ ಕೆಲಕಾಲ ನಿಂತಿತ್ತು. ಕಾರ್ಖಾನೆ ನಿಂತರೆ ರೂಮು ಖಾಲಿ.

ಜಮೀನಿನ ಬೆಲೆ ಏರುವುದಿಲ್ಲವೇ ಎಂದು ಕೇಳುತ್ತೀರಿ. ಏರಬಹುದು. ಆದರೆ ಅದು ಮಾರಿದ ದಿನ ಕೈಗೆ ಬರುವ ಹಣ. ಪ್ರತಿ ತಿಂಗಳ ಕಂತು ಕಟ್ಟುವ ಹಣ ಬೇರೆ. ಇವೆರಡನ್ನೂ ಒಂದೇ ಹಾಳೆಯಲ್ಲಿ ಬೆರೆಸಿ ಬರೆಯಬೇಡಿ.

ಕೊಳ್ಳುವುದೇ ನಿಶ್ಚಯವಾದರೆ 60 ರಾತ್ರಿ ಮಾತ್ರ ಹಿಡಿದು ಇನ್ನೊಮ್ಮೆ ಲೆಕ್ಕ ಹಾಕಿ. ಬರುವ ಕೊರತೆಯನ್ನು ನಿಮ್ಮ ಸಂಬಳದಿಂದ ನೆಮ್ಮದಿಯಾಗಿ ತುಂಬಬಲ್ಲಿರಾದರೆ ಮನೆ ಕೊಳ್ಳಿ, ಮಕ್ಕಳೊಂದಿಗೆ ಬಂದು ಇರಿ, ಅದನ್ನು ಖರ್ಚು ಎಂದೇ ಬರೆದುಕೊಳ್ಳಿ. ತುಂಬಲಾರಿರಾದರೆ ತಿಂಗಳಿಗೊಮ್ಮೆ ಬೇರೆಯವರ ಮನೆಯನ್ನು 5,000 ಕೊಟ್ಟು ಬಾಡಿಗೆಗೆ ಹಿಡಿಯಿರಿ. ವರ್ಷಕ್ಕೆ 60,000ದಲ್ಲಿ ಅದೇ ನೋಟ ಸಿಗುತ್ತದೆ, ಬೋರ್‌ವೆಲ್ ಚಿಂತೆ ಮಾಲೀಕನಿಗಿರುತ್ತದೆ.