ಮಗು ಆಡ್ತಾ ಇದೆ, ಇನ್ನೂ ಮಾತ್ರೆ ಯಾಕೆ?

ಕ್ಷಯ ಅಂದರೆ ದೊಡ್ಡವರ ರೋಗ ಅಂತ ನಾವು ತಿಳಿದಿದ್ದೇವೆ. ಬೀಡಿ ಸೇದೋರಿಗೆ, ಕುಡಿಯೋರಿಗೆ ಬರುತ್ತೆ ಅಂತೀವಿ. ಮಕ್ಕಳಿಗೂ ಬರುತ್ತೆ ಅಕ್ಕ. ಹೆಚ್ಚಾಗಿ ಮನೆಯ ದೊಡ್ಡವರಿಂದಲೇ ಬರುತ್ತೆ.

ಒಂದು ಮನೆ ನೋಡೋಣ. ಅಪ್ಪ ಅಮ್ಮ ಕೂಲಿಗೆ ಹೋಗ್ತಾರೆ. ನಾಲ್ಕು ವರ್ಷದ ಮಗಳು ತಾತನ ಪಕ್ಕದಲ್ಲಿ ಮಲಗ್ತಾಳೆ. ತಾತನಿಗೆ ಮೂರು ತಿಂಗಳಿಂದ ಕೆಮ್ಮು. "ಬೀಡಿ ಕೆಮ್ಮು ಬಿಡು" ಅಂತ ಎಲ್ಲರೂ ಸುಮ್ಮನಿದ್ದರು. ಆಮೇಲೆ ಮಗುವಿಗೂ ಕೆಮ್ಮು ಬಂತು. ಸಂಜೆಯಾದರೆ ಮೈ ಬಿಸಿ. ಊಟ ಸೇರದು. ಅಂಗನವಾಡಿಯಲ್ಲಿ ತೂಕ ಮಾಡಿದರೆ ಹೋದ ತಿಂಗಳಿಗಿಂತ ಕಡಿಮೆ. ದೃಷ್ಟಿ ಆಗಿದೆ ಅಂತ ಅಜ್ಜಿ ಉಪ್ಪು ಮೆಣಸಿನಕಾಯಿ ನಿವಾಳಿಸಿದರು. ನಿವಾಳಿಸಲಿ, ಬೇಡ ಅನ್ನೋದಿಲ್ಲ. ಆದರೆ ಎರಡು ವಾರ ದಾಟಿದ ಕೆಮ್ಮು, ಜ್ವರಕ್ಕೆ ಆಸ್ಪತ್ರೆಗೇ ಹೋಗಬೇಕು.

ಆಶಾ ಅಕ್ಕ ತಾತನನ್ನೂ ಮಗುವನ್ನೂ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ತಾತ ಕಫ ಕೊಟ್ಟರು. ಚಿಕ್ಕ ಮಕ್ಕಳಿಗೆ ಕಫ ಉಗಿಯೋಕೆ ಬರೋದಿಲ್ಲ, ನುಂಗಿಬಿಡುತ್ತವೆ. ಅದಕ್ಕೇ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಸಣ್ಣ ನಳಿಗೆ ಹಾಕಿ ಹೊಟ್ಟೆಯಿಂದ ತೆಗೆಯುತ್ತಾರೆ. ಎದೆಯ ಎಕ್ಸ್‌ರೇ ನೋಡುತ್ತಾರೆ. "ಏನೂ ತಿನ್ನಿಸಬೇಡಿ" ಅಂದರೆ ಬಿಸ್ಕತ್ತೂ ಬೇಡ.

ಇಬ್ಬರಿಗೂ ಕ್ಷಯ ಇತ್ತು. ಮಾತ್ರೆ ಶುರುವಾಯಿತು. ದುಡ್ಡು ಕೊಡಬೇಕಾಗಿಲ್ಲ. ದಿನಾ ತಪ್ಪದೆ, ಸಾಮಾನ್ಯವಾಗಿ ಆರು ತಿಂಗಳು. ಮಕ್ಕಳಿಗೆ ನೀರಲ್ಲಿ ಕರಗುವ ಮಾತ್ರೆ ಇದೆ. ಕರಗಿಸಿ ಕೂಡಲೇ ಕುಡಿಸಬೇಕು. ಲೋಟದ ತಳದಲ್ಲಿ ಉಳಿದರೆ ಇನ್ನಷ್ಟು ನೀರು ಹಾಕಿ ಅದನ್ನೂ ಕುಡಿಸಬೇಕು. ಅಜ್ಜಿ ಈ ಕೆಲಸ ತಮ್ಮ ಕೈಗೆ ತಗೊಂಡರು. ಮಾತ್ರೆ ಕುಡಿಸಿ, ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಒಂದು ಗೆರೆ ಎಳೆಯುತ್ತಿದ್ದರು.

ಮೊದಲ ವಾರ ಮಗುವಿನ ಉಚ್ಚೆ ಕೆಂಪಗೆ ಬಂತು. ಅಮ್ಮ ಹೆದರಿದಳು. ಅದು ಮಾತ್ರೆಯ ಬಣ್ಣ, ಹೆದರಬೇಕಾಗಿಲ್ಲ. ಆದರೆ ಕಣ್ಣು ಹಳದಿಯಾದರೆ, ಬಿಡದೆ ವಾಂತಿಯಾದರೆ, ಮಗು ಮಂಕಾದರೆ ಅವತ್ತೇ ಆಸ್ಪತ್ರೆಗೆ ಓಡಬೇಕು.

ಎರಡು ತಿಂಗಳಾಯಿತು. ಜ್ವರ ಹೋಯಿತು. ಮಗು ಬೀದಿಯಲ್ಲಿ ಕುಣೀತಿತ್ತು. ಕಷ್ಟ ಬಂದದ್ದೇ ಆಗ.

ಅಪ್ಪ ಅಂದ, "ಆಡ್ತಾ ಅವಳೆ, ಉಣ್ತಾ ಅವಳೆ. ಇನ್ಯಾಕವ್ವ ಮಾತ್ರೆ? ಅಷ್ಟು ಔಷಧಿ ಎಳೇ ಮೈಗೆ ಉಷ್ಣ. ಸಾಕು, ನಿಲ್ಸು."

ಅಜ್ಜಿ ಅಂದರು, "ನೀನು ಕೂಲಿಗೆ ಹೋಗಪ್ಪ. ಮಾತ್ರೆ ಕೊಡೋಳು ನಾನು. ಆರು ತಿಂಗಳು ಅಂತ ಹೇಳವ್ರೆ. ಆರು ತಿಂಗಳೂ ಕೊಡ್ತೀನಿ."

ಅಜ್ಜಿ ಹಟ ಮಾಡಿದ್ದು ಸರಿ. ಒಲೆಯ ಮೇಲೆ ಬೂದಿ ಕಂಡರೆ ಬೆಂಕಿ ಆರಿದೆ ಅಂತ ನಾವು ಕೈ ಇಡ್ತೀವಾ? ಒಳಗೆ ಕೆಂಡ ಇರುತ್ತೆ. ಕ್ಷಯದ ರೋಗಾಣುವೂ ಹಾಗೇ. ಮೊದಲ ಎರಡು ತಿಂಗಳಲ್ಲಿ ಬಹಳಷ್ಟು ಸಾಯುತ್ತವೆ, ಮಗು ಚೇತರಿಸಿಕೊಳ್ಳುತ್ತೆ. ಕೆಲವು ಒಳಗೆ ಉಳಿದಿರುತ್ತವೆ. ನಡುವೆ ನಿಲ್ಲಿಸಿದರೆ ರೋಗ ತಿರುಗಿ ಬರಬಹುದು. ಆಗ ಇದೇ ಮಾತ್ರೆ ಕೇಳದೆ ಹೋಗಬಹುದು. ಎರಡು ತಿಂಗಳ ಮೇಲೆ ಆಸ್ಪತ್ರೆಯವರು ಮಾತ್ರೆ ಬದಲಾಯಿಸುತ್ತಾರೆ. ಬದಲಾಯಿತು ಅಂದರೆ ಮುಗಿಯಿತು ಅಂತಲ್ಲ. ಮದುವೆ, ಜಾತ್ರೆಗೆ ಹೋದರೂ ಮಾತ್ರೆ ಚೀಲದಲ್ಲಿರಲಿ. ಒಂದು ದಿನ ಮರೆತರೆ ಮರುದಿನ ಎರಡರಷ್ಟು ಕೊಡಬೇಡಿ. ಆಶಾ ಅಕ್ಕನಿಗೆ ಹೇಳಿ.

ತಿಂಗಳಿಗೊಮ್ಮೆ ತೂಕ ಮಾಡಿಸಬೇಕು. ಮಗುವಿನ ತೂಕ ನೋಡಿಯೇ ಎಷ್ಟು ಮಾತ್ರೆ ಅಂತ ಲೆಕ್ಕ ಹಾಕುತ್ತಾರೆ. ತೂಕ ಏರಿದರೆ ಮಾತ್ರೆಯೂ ಏರಬಹುದು. "ವಾಸಿಯಾದ ಮೇಲೆ ಯಾಕೆ ಜಾಸ್ತಿ ಕೊಟ್ಟರು?" ಅಂತ ಅನುಮಾನ ಬೇಡ.

ಪಕ್ಕದ ಮನೆಯವರು ಮಗುವಿಗೆ ತಟ್ಟೆ ಬೇರೆ ಇಡಿ ಅಂದರು. ಯಾಕೆ ಇಡಬೇಕು? ಕ್ಷಯ ತಟ್ಟೆ ಲೋಟದಿಂದ ಹರಡೋದಿಲ್ಲ. ಕೆಮ್ಮಿದಾಗ ಗಾಳಿಯಲ್ಲಿ ಹರಡುತ್ತೆ. ಇಷ್ಟು ಚಿಕ್ಕ ಮಗುವಿನಿಂದ ಬೇರೆಯವರಿಗೆ ಹರಡೋದೂ ಅಪರೂಪ. ತಾತ ಬಾಯಿಗೆ ಟವಲು ಹಿಡಿದು ಕೆಮ್ಮಲಿ, ಕಿಟಕಿ ತೆರೆದಿರಲಿ. ಮನೆಯ ಎಲ್ಲರ ಪರೀಕ್ಷೆಯೂ ಆಗಲಿ. ರೋಗ ಇಲ್ಲದ ಮಕ್ಕಳಿಗೂ ಅದು ಬಾರದಂತೆ ತಡೆಯುವ ಮಾತ್ರೆ ಇದೆ, ಕೇಳಿ ಪಡೆಯಿರಿ.

ಮಾತ್ರೆ ಜೊತೆಗೆ ಊಟವೂ ಬೇಕು. ರಾಗಿ ಗಂಜಿ, ಬೇಳೆ, ಹುರುಳಿಕಾಳು, ಮೊಟ್ಟೆ, ನುಗ್ಗೆಸೊಪ್ಪು, ಮನೆಯಲ್ಲಿ ಇದ್ದದ್ದು ಕೊಡಿ. ಚಿಕಿತ್ಸೆ ನಡೆಯುವಾಗ ಊಟದ ಖರ್ಚಿಗೆ ಸರ್ಕಾರ ನಿಕ್ಷಯ್ ಪೋಷಣ್ ಯೋಜನೆಯಲ್ಲಿ ಹಣ ಕೊಡುತ್ತದೆ. 2018ರಲ್ಲಿ ತಿಂಗಳಿಗೆ 500 ರೂಪಾಯಿ ಇತ್ತು. 2024ರ ನವೆಂಬರಿನಿಂದ 1000 ರೂಪಾಯಿ. ಮಗುವಿಗೆ ಖಾತೆ ಇಲ್ಲದಿದ್ದರೆ ಮನೆಯವರ ಬ್ಯಾಂಕ್ ಪುಸ್ತಕ ತಗೊಂಡು ಹೋಗಿ. ಇದು ಮಗುವಿನ ಹಕ್ಕಿನ ಹಣ, ಕೇಳೋಕೆ ನಾಚಿಕೆ ಬೇಡ.

ಓದಿ, ಬರೆಯಿರಿ:
ಮಗುವಿನ ಹೆಸರು ..........
ಈ ತಿಂಗಳ ತೂಕ .......... ಕಿಲೋ
ಹೋದ ತಿಂಗಳ ತೂಕ .......... ಕಿಲೋ
ನಮ್ಮ ಮನೆಯಲ್ಲಿ ಎರಡು ವಾರಕ್ಕಿಂತ ಹೆಚ್ಚು ಕೆಮ್ಮುವವರು ..........