ಸೆಟಲ್‌ಮೆಂಟ್ ಹಾಳೆಗೆ ಸಹಿ ಹಾಕುವ ಮುನ್ನ

2025ರ ಜನವರಿಯಲ್ಲಿ ಜೆ.ಪಿ. ನಗರದ ನಮ್ಮ ಕಂಪನಿ ಅಕೌಂಟ್ಸ್ ವಿಭಾಗವನ್ನೇ ಮುಚ್ಚಿತು. ಹನ್ನೆರಡು ವರ್ಷ ಅಲ್ಲಿ ಬಿಲ್ಲು, ವೋಚರು ಎಂಟ್ರಿ ಮಾಡುತ್ತಿದ್ದವಳು ನಾನು. ಕೈಗೆ ಬಂದ ಫುಲ್ ಅಂಡ್ ಫೈನಲ್ ಸೆಟಲ್‌ಮೆಂಟ್ ಹಾಳೆಯಲ್ಲಿ ಸಂಬಳ ಬಿಟ್ಟರೆ ಇದ್ದದ್ದು ಒಂದೇ ಸಾಲು: ಎಕ್ಸ್‌ಗ್ರೇಷಿಯಾ ₹6,90,000. ಅದರ ಕೆಳಗೆ ಟಿಡಿಎಸ್ ₹86,320.

ಆ ಮೊತ್ತವನ್ನು ಬಿಡಿಸಿ ಬರೆದುಕೊಡಿ ಎಂದು ಎಚ್‌ಆರ್‌ಗೆ ಇಮೇಲ್ ಕಳಿಸಿದೆ. ಬಿಡಿಸಿದಾಗ ಮೂರು ಸಾಲು ಸಿಕ್ಕವು. ಒಂದು ತಿಂಗಳ ನೋಟಿಸ್ ಸಂಬಳ ₹60,000. ಆಗಿನ ಕೈಗಾರಿಕಾ ವಿವಾದ ಕಾಯ್ದೆಯ 25ಎಫ್ ಪ್ರಕಾರ ವರ್ಷಕ್ಕೆ ಹದಿನೈದು ದಿನದ ಸಂಬಳದಂತೆ ರಿಟ್ರೆಂಚ್‌ಮೆಂಟ್ ಪರಿಹಾರ ₹3,60,000. ಮೂಲ ವೇತನ ₹39,000ದ ಮೇಲೆ ಗ್ರಾಚ್ಯುಟಿ ₹2,70,000.

ಮೂರಕ್ಕೂ ತೆರಿಗೆಯ ನಿಯಮ ಬೇರೆ ಬೇರೆ. ನೋಟಿಸ್ ಸಂಬಳಕ್ಕೆ ಮಾಮೂಲಿ ಸಂಬಳದಂತೆಯೇ ತೆರಿಗೆ. ಪರಿಹಾರಕ್ಕೆ ಆಗಿನ ಆದಾಯ ತೆರಿಗೆ ಕಾಯ್ದೆಯ 10(10ಬಿ) ಅಡಿ ವಿನಾಯಿತಿ: ಬಂದ ಹಣ, 25ಎಫ್ ಲೆಕ್ಕ, ₹5 ಲಕ್ಷ, ಈ ಮೂರರಲ್ಲಿ ಕಡಿಮೆ ಯಾವುದೋ ಅಷ್ಟಕ್ಕೆ. ಖಾಸಗಿ ನೌಕರರ ಗ್ರಾಚ್ಯುಟಿಗೆ ₹20 ಲಕ್ಷದವರೆಗೆ ವಿನಾಯಿತಿ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೂ ಇವೆರಡೂ ಸಿಗುತ್ತವೆ.

ಹೀಗಾಗಿ ತೆರಿಗೆಯ ಲೆಕ್ಕಕ್ಕೆ ಉಳಿದದ್ದು ಹತ್ತು ತಿಂಗಳ ಸಂಬಳ ₹6,00,000 ಮತ್ತು ನೋಟಿಸ್ ಸಂಬಳ. ಸ್ಟ್ಯಾಂಡರ್ಡ್ ಡಿಡಕ್ಷನ್ ₹75,000 ಕಳೆದರೆ ₹5,85,000. ಆ ವರ್ಷ ಹೊಸ ಪದ್ಧತಿಯಲ್ಲಿ ₹7 ಲಕ್ಷದವರೆಗೆ ರಿಬೇಟ್ ಇದ್ದದ್ದರಿಂದ ತೆರಿಗೆ ಸೊನ್ನೆ. ಕಂಪನಿ ಹಾಳೆ ತಿದ್ದಿಕೊಟ್ಟಿತು, ₹86,320 ನನ್ನ ಖಾತೆಗೇ ಬಂತು. ಕೆಲಸವಿಲ್ಲದ ಮನೆಗೆ ಅದು ಹಲವು ತಿಂಗಳ ಬಾಡಿಗೆ.

ಇನ್ನು ಕಡಿತಗಳು. ರಾಜ್ಯದ ವೃತ್ತಿ ತೆರಿಗೆ ಆಗ ತಿಂಗಳಿಗೆ ₹200 ಮಾತ್ರ. ಸೆಟಲ್‌ಮೆಂಟ್‌ನ ಪ್ರತಿ ಸಾಲಿಗೂ ಹಿಡಿಯುವಂತಿಲ್ಲ. ರಜೆ ನಗದೀಕರಣದ ಮೇಲೆ ಪಿಎಫ್ ಹಿಡಿದಿದ್ದರೆ ಪ್ರಶ್ನಿಸಿ. ನಮ್ಮ ರಾಜ್ಯದ್ದೇ ಆದ ಮಣಿಪಾಲ್ ಅಕಾಡೆಮಿ ಪ್ರಕರಣದಲ್ಲಿ 2008ರಲ್ಲಿ ಸುಪ್ರೀಂ ಕೋರ್ಟ್, ಆ ಹಣ ಮೂಲ ವೇತನದೊಳಗೆ ಬರುವುದಿಲ್ಲ ಎಂದು ತೀರ್ಪು ಕೊಟ್ಟಿದೆ.

ಬಿಟಿಎಂ ಲೇಔಟ್‌ನ ಪಿಜಿಗಳಲ್ಲಿರುವ ಐಟಿ ಗೆಳೆಯರಿಗೆ ಒಂದು ಮಾತು. ರಿಟ್ರೆಂಚ್‌ಮೆಂಟ್ ಪರಿಹಾರದ ವಿನಾಯಿತಿ ಇರುವುದು ಕಾನೂನು 'ಕಾರ್ಮಿಕ' ಎಂದು ಗುರುತಿಸುವವರಿಗೆ. ಗುಮಾಸ್ತೆ, ತಾಂತ್ರಿಕ ಕೆಲಸದವರು ಅದರೊಳಗೆ ಬರುತ್ತಾರೆ. ಮ್ಯಾನೇಜರ್ ಕೆಲಸ ಮಾಡುವವರು ಬರುವುದಿಲ್ಲ. ಹುದ್ದೆಯ ಹೆಸರಿಗಿಂತ ನೀವು ನಿಜಕ್ಕೂ ಮಾಡುವ ಕೆಲಸವೇ ಮುಖ್ಯ. ಮ್ಯಾನೇಜರ್‌ಗಳ ಸೆವರೆನ್ಸ್ ಹಣಕ್ಕೆ ಸಂಬಳದಂತೆ ತೆರಿಗೆ ಬಿದ್ದರೂ ಗ್ರಾಚ್ಯುಟಿ, ರಜೆ ಹಣದ ವಿನಾಯಿತಿ ಅವರಿಗೂ ಉಂಟು.

2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಯಾಗಿವೆ. ಹದಿನೈದು ದಿನದ ಲೆಕ್ಕ ಹಾಗೇ ಉಳಿದಿದೆ. ಕೆಲಸದಿಂದ ತೆಗೆದ ಎರಡು ಕೆಲಸದ ದಿನಗಳೊಳಗೆ ಬಾಕಿ ವೇತನ ಕೊಡಬೇಕು. ಕೊಡದಿದ್ದರೆ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ ಲಿಖಿತ ದೂರು ಕೊಡಿ. ಟಿಡಿಎಸ್ ಆಗಲೇ ಹಿಡಿದಾಗಿದ್ದರೆ ರಿಟರ್ನ್ ಸಲ್ಲಿಸುವಾಗ ವಿನಾಯಿತಿ ತೋರಿಸಿ ಹಣ ವಾಪಸ್ ಕೇಳಬಹುದು. ಅದಕ್ಕೂ ಆಧಾರ ಬೇಕಾಗುವುದು ಬಿಡಿಸಿ ಬರೆದ ಅದೇ ಹಾಳೆ. ಅದು ಕೈಗೆ ಬರುವವರೆಗೆ ಸಹಿ ಹಾಕಬೇಡಿ.