ಬೇಟೆನಾಯಿಗೆ ಎತ್ತರದ ಗೂಡು: ತೋಟದಲ್ಲಿ ಕಟ್ಟುವ ಕ್ರಮ

ಯಲಹಂಕ, ಜಾಲ, ರಾಜಾನುಕುಂಟೆ, ಹೆಸರಘಟ್ಟದ ಸುತ್ತಿನ ತೋಟಗಳಲ್ಲಿ ಕಾವಲಿಗೆಂದು ಮುಧೋಳ ನಾಯಿಗಳನ್ನು ಸಾಕುವ ರೈತರಿದ್ದಾರೆ. ಮರಿಯನ್ನು ದೂರದಿಂದ ತರುವಾಗ ಇರುವ ಉತ್ಸಾಹ ಅದರ ವಸತಿಯ ವಿಷಯದಲ್ಲಿ ಕಾಣುವುದಿಲ್ಲ. ಪಂಪುಮನೆಯ ಮಗ್ಗುಲಲ್ಲಿ ಒಂದು ಗೂಟ, ಒಂದು ಸರಪಳಿ, ಮೇಲೆ ಒಂದು ತುಂಡು ತಗಡು, ಇಷ್ಟಕ್ಕೇ ಕೆಲಸ ಮುಗಿಯಿತು. ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ನಾಯಿ ಬಡಕಲಾಗಿ, ವಸಡು ಬೆಳ್ಳಗಾಗಿ, ಜ್ವರ ಬಂದು ಮಲಗುತ್ತದೆ. "ಈ ತಳಿ ನಮ್ಮ ಹವೆಗೆ ಒಗ್ಗುವುದಿಲ್ಲ" ಎಂಬ ಮಾತು ಆಗ ಹುಟ್ಟುತ್ತದೆ. ಇಂತಹ ನಾಯಿಗಳಲ್ಲಿ ಬಹಳಷ್ಟಕ್ಕೆ ಒಗ್ಗದಿರುವುದು ಹವೆಯಲ್ಲ, ಮಲಗುವ ಜಾಗ.

ಬೇಸಾಯಶಾಸ್ತ್ರದ ಮೇಷ್ಟ್ರಿಗೆ ನಾಯಿಗೂಡಿನ ಉಸಾಬರಿ ಏಕೆ ಎಂದು ಕೇಳಬಹುದು. ತೇವ, ಬಿಸಿಲು, ಇಳಿಜಾರು, ಗೆದ್ದಲು, ಕೀಟನಾಶಕ ಇವೆಲ್ಲ ನಾವು ಹೊಲದಲ್ಲಿ ದಿನವೂ ಲೆಕ್ಕ ಹಾಕುವ ಸಂಗತಿಗಳೇ. ನಾಯಿಯ ಗೂಡಿಗೂ ಬೇಕಾದದ್ದು ಇದೇ ಲೆಕ್ಕ.

ನಾಯಿಯ ಮೈಕಟ್ಟು

ಮುಧೋಳ ತಳಿ ಬಾಗಲಕೋಟೆ ಜಿಲ್ಲೆಯ ಒಣ ಬಯಲಿನದು. ಮುಧೋಳ ಸಂಸ್ಥಾನದ ಘೋರ್ಪಡೆ ಮನೆತನದವರು ಇದನ್ನು ಪೋಷಿಸಿ ಹೆಸರಿಗೆ ತಂದರು. 2005ರಲ್ಲಿ ಅಂಚೆ ಇಲಾಖೆ ಹೊರತಂದ ದೇಶೀ ನಾಯಿಗಳ ಅಂಚೆಚೀಟಿಗಳಲ್ಲಿ ಇದೂ ಒಂದು. ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದ್ದು ತಳಿಯ ಶುದ್ಧತೆಗಾಗಿ ಕೆಲಸ ಮಾಡುತ್ತಿದೆ.

ಬೆಳೆದ ಗಂಡು ನಾಯಿ ಹೆಗಲಿನ ಬಳಿ ಸುಮಾರು ಎರಡೂಕಾಲು ಅಡಿ ಎತ್ತರವಿರುತ್ತದೆ. ಎದೆ ಆಳ, ಹೊಟ್ಟೆ ಒಳಸರಿದದ್ದು, ಕೂದಲು ಗಿಡ್ಡ, ಚರ್ಮದಡಿಯಲ್ಲಿ ಕೊಬ್ಬು ಕಡಿಮೆ. ಓಡುವುದಕ್ಕೆ ಹೇಳಿ ಮಾಡಿಸಿದ ಈ ಮೈಕಟ್ಟೇ ಮಲಗುವಾಗ ತೊಂದರೆ ಕೊಡುತ್ತದೆ. ಗಟ್ಟಿ ನೆಲದಲ್ಲಿ ಮಲಗಿದರೆ ಮೊಣಕೈ ಮತ್ತು ಸೊಂಟದ ಮೂಳೆಯ ಮೇಲೆ ಚರ್ಮ ದಡ್ಡುಗಟ್ಟಿ, ಕೊನೆಗೆ ಹುಣ್ಣಾಗುತ್ತದೆ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಉಷ್ಣತೆ 15-16 ಡಿಗ್ರಿ ಸೆಲ್ಸಿಯಸ್ಸಿಗೆ ಇಳಿಯುತ್ತದೆ, ಕೆಲವು ದಿನ ಅದಕ್ಕೂ ಕೆಳಗೆ. ದಪ್ಪ ಕೂದಲಿನ ಊರ ನಾಯಿ ಸುರುಳಿ ಸುತ್ತಿಕೊಂಡು ತಡೆದುಕೊಂಡೀತು. ಇದಕ್ಕೆ ಅದು ಕಷ್ಟ.

ಇನ್ನೊಂದು ಮಾತನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ತಳಿ ಬೇಟೆಯದಾದರೂ ಬೇಟೆಗೆ ಈಗ ಅವಕಾಶವಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಕಾಡುಪ್ರಾಣಿಯನ್ನು ಕೊಲ್ಲುವುದು ಮಾತ್ರವಲ್ಲ, ಅಟ್ಟಿಸಿಕೊಂಡು ಓಡಿಸುವುದೂ ಬೇಟೆಯೇ. ಮೊಲಕ್ಕೂ ರಕ್ಷಣೆಯಿದೆ. ಮೊಲ ಕಂಡರೆ ಈ ನಾಯಿ ಕರೆದರೂ ನಿಲ್ಲುವುದಿಲ್ಲ. ಆದುದರಿಂದ ರಾತ್ರಿ ಬಿಟ್ಟು ಬಿಡುವ ಬದಲು ಬಾಗಿಲಿರುವ ಗೂಡು, ಅದರ ಮುಂದೆ ಬೇಲಿ ಹಾಕಿದ ಅಂಗಳ, ಇವೆರಡೂ ಬೇಕು.

ಎತ್ತರ ಏಕೆ ಬೇಕು?

ನಮ್ಮ ಉತ್ತರ ಭಾಗದಲ್ಲಿ ವರ್ಷಕ್ಕೆ ಸುಮಾರು 900 ಮಿ.ಮೀ. ಮಳೆಯಾಗುತ್ತದೆ. ಅದರಲ್ಲಿ ಒಂದು ದೊಡ್ಡ ಪಾಲು ಸೆಪ್ಟೆಂಬರ್, ಅಕ್ಟೋಬರ್ ತಿಂಗಳಲ್ಲಿ ಬೀಳುವುದು. ಕೆಂಪು ಮಣ್ಣು ನೀರು ಬೇಗ ಇಂಗಿಸುತ್ತದೆ ಎಂಬ ಮಾತು ಉತ್ತ ಹೊಲಕ್ಕೆ ಸರಿ. ಜನ, ದನ ತುಳಿದು ಗಟ್ಟಿಯಾದ ಅಂಗಳದಲ್ಲಿ ಅದೇ ಮಣ್ಣು ಹೆಪ್ಪುಗಟ್ಟಿ ನೀರನ್ನು ಮೇಲೆಯೇ ನಿಲ್ಲಿಸುತ್ತದೆ. ನಾಯಿ ಮಲಗುವುದು ಇಂತಹ ಅಂಗಳದಲ್ಲಿ.

ತೇವದ ನೆಲದಲ್ಲಿ ಮೊದಲ ಅಪಾಯ ಕೊಕ್ಕೆಹುಳುವಿನದು. ನಾಯಿಯ ಹೇಲಿನಲ್ಲಿ ಹೊರಬಿದ್ದ ಇದರ ಮೊಟ್ಟೆಗಳು ನೆರಳು, ತೇವ, ಬೆಚ್ಚನೆಯ ಮಣ್ಣು ಸಿಕ್ಕಿದರೆ ಒಡೆದು, ಒಂದು ವಾರದಷ್ಟರಲ್ಲಿ ಮರಿಹುಳುಗಳು ಸೋಂಕು ತಗಲಿಸುವ ಹಂತಕ್ಕೆ ಬರುತ್ತವೆ. ಇವು ಬಾಯಿಂದಲೂ ಹೋಗುತ್ತವೆ, ಚರ್ಮ ಕೊರೆದೂ ಒಳಸೇರುತ್ತವೆ. ಕರುಳಿನಲ್ಲಿ ಕಚ್ಚಿ ಹಿಡಿದು ರಕ್ತ ಹೀರುತ್ತವೆ. ಬಾಣಂತಿ ನಾಯಿಯ ಹಾಲಿನ ಮೂಲಕ ಮರಿಗಳಿಗೂ ದಾಟುತ್ತವೆ. ಎಳೆಯ ಮರಿಗಳು ರಕ್ತಹೀನತೆಯಿಂದ ಸಾಯುವುದು ಹೀಗೆಯೇ. ಬರಿಗಾಲಿನಲ್ಲಿ ಆಡುವ ಮಕ್ಕಳ ಪಾದದ ಚರ್ಮಕ್ಕೂ ಇದು ಹೊಕ್ಕು ತುರಿಕೆಯ ಗೆರೆಗಳನ್ನು ಎಬ್ಬಿಸುತ್ತದೆ. ಒಣಗಿದ, ಬಿಸಿಲು ಬಿದ್ದ ಜಾಗದಲ್ಲಿ ಈ ಹುಳು ಬಾಳುವುದಿಲ್ಲ. ಎರಡನೆಯದು ಇಲಿ. ಇಲಿಯ ಮೂತ್ರ ಸೇರಿದ ನೀರಿನಿಂದ ಇಲಿಜ್ವರ ನಾಯಿಗೂ ಮನುಷ್ಯರಿಗೂ ಬರುತ್ತದೆ. ನೆಲಮಟ್ಟದ ಗೂಡಿನ ಅಡಿಯಲ್ಲಿ ಇಲಿ ಬಿಲ ತೋಡಿದರೆ ಅದರ ಬೆನ್ನಿಗೆ ಹಾವೂ ಬರುತ್ತದೆ.

ಗೂಡನ್ನು ಒಂದೂವರೆ ಅಡಿ ಎತ್ತರಿಸಿದರೆ ಇವು ಬಹುಮಟ್ಟಿಗೆ ತಪ್ಪುತ್ತವೆ. ಅರ್ಧ ಅಡಿ ಎತ್ತರಿಸುವುದು ಏನೂ ಮಾಡದಿರುವುದಕ್ಕಿಂತ ಕೇಡು. ಪೊರಕೆ ಹೋಗದ, ಬೆಳಕು ಬೀಳದ ಆ ಸಂದಿಯಲ್ಲಿ ಕಸ, ಎಲುಬು, ಇಲಿ ಎಲ್ಲ ಸೇರಿಕೊಳ್ಳುತ್ತವೆ.

ಎತ್ತರ ಮಾಡಿದರೆ ಉಣ್ಣಿ ಹತ್ತುವುದಿಲ್ಲವೇ?

ರೈತರು ಎಡವುವುದು ಇಲ್ಲಿ. ಮರದ ಕಾಲುಗಳ ಮೇಲೆ ಹಲಗೆಯ ಗೂಡು ನಿಲ್ಲಿಸಿ, ಇನ್ನು ಉಣ್ಣಿಯ ಕಾಟ ತಪ್ಪಿತೆಂದು ನಂಬುತ್ತಾರೆ. ನಾಯಿಯ ಕಂದು ಉಣ್ಣಿಯ ಸ್ವಭಾವವೇ ಮೇಲಕ್ಕೆ ಹತ್ತುವುದು. ರಕ್ತ ಕುಡಿದು ಹರಳೆಬೀಜದಂತೆ ಉಬ್ಬಿದ ಹೆಣ್ಣು ಉಣ್ಣಿ ನಾಯಿಯ ಮೈಯಿಂದ ಉದುರಿ, ಗೋಡೆಯನ್ನು ಹತ್ತಿ, ಸಿಕ್ಕಿದ ಸೀಳಿನಲ್ಲಿ ಹೊಕ್ಕು ಸಾವಿರಗಟ್ಟಲೆ ಮೊಟ್ಟೆಯಿಡುತ್ತದೆ. ಮರಿ, ಎಳೆಯ ಉಣ್ಣಿ, ಬೆಳೆದ ಉಣ್ಣಿ, ಈ ಮೂರು ಹಂತದಲ್ಲಿಯೂ ಅದು ನಾಯಿಯನ್ನು ಹತ್ತಿ, ರಕ್ತ ಕುಡಿದು, ಮತ್ತೆ ಉದುರಿ ಬಿರುಕಿಗೆ ಮರಳುತ್ತದೆ. ಬೆಳೆದ ಉಣ್ಣಿ ಆಹಾರವಿಲ್ಲದೆ ತಿಂಗಳುಗಟ್ಟಲೆ ಬದುಕಬಲ್ಲದು. ನಾಯಿಯ ಕಿವಿಯಲ್ಲಿ ನಾವು ಕಾಣುವ ಹತ್ತು ಉಣ್ಣಿಗಳ ಹಿಂದೆ ಗೂಡಿನ ಬಿರುಕುಗಳಲ್ಲಿ ಎಷ್ಟೋ ಪಾಲು ಹೆಚ್ಚು ಕಾದಿರುತ್ತವೆ.

ಬಬೇಸಿಯಾ, ಎರ್ಲಿಕಿಯಾ ಎಂಬ ರಕ್ತದ ರೋಗಾಣುಗಳನ್ನು ಹರಡುವುದು ಉಣ್ಣಿಯೇ. ಜ್ವರ, ಮೇವು ಬಿಡುವುದು, ವಸಡು ಬಿಳಿಚುವುದು, ಮೂಗಿನಿಂದ ರಕ್ತ, ಕಾಫಿ ಬಣ್ಣದ ಮೂತ್ರ ಇವುಗಳಲ್ಲಿ ಯಾವುದು ಕಂಡರೂ ಮನೆಮದ್ದು ಮಾಡುತ್ತ ಕೂರದೆ ಅದೇ ದಿನ ಪಶುವೈದ್ಯರ ಬಳಿ ಒಯ್ಯಬೇಕು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಈ ಭಾಗದವರಿಗೆ ಹತ್ತಿರವೇ ಇದೆ.

ಹೀಗಾಗಿ ಎತ್ತರ ತೇವಕ್ಕೆ ಮದ್ದು, ಉಣ್ಣಿಗಲ್ಲ. ಉಣ್ಣಿಗೆ ಮದ್ದೆಂದರೆ ಬಿರುಕಿಲ್ಲದ ಗೋಡೆ ಮತ್ತು ಬಿಚ್ಚಿ ತೊಳೆಯಬಹುದಾದ ಹಾಸು. ಮುಂದೆ ಹೇಳುವ ಗೂಡಿನ ಮಾದರಿ ಇವೆರಡನ್ನೂ ಗಮನದಲ್ಲಿಟ್ಟದ್ದು.

ಜಾಗ

ಮಳೆನೀರು ಹರಿದು ಹೋಗುವ, ಸುತ್ತಲಿಗಿಂತ ಸ್ವಲ್ಪ ಎತ್ತರದ ಜಾಗ ಆರಿಸಬೇಕು. ಮಧ್ಯಾಹ್ನದ ಬಿಸಿಲು ತಡೆಯಲು ಪಶ್ಚಿಮಕ್ಕೆ ಒಂದು ಹೊಂಗೆ ಅಥವಾ ಬೇವಿನ ಮರವಿದ್ದರೆ ಸೊಗಸು. ದಿನವಿಡೀ ನೆರಳಿರುವ ಮಾವಿನ ಮರದಡಿ ಬೇಡ, ಅಲ್ಲಿ ನೆಲ ಒಣಗುವುದಿಲ್ಲ. ಬಾಗಿಲು ಆಗ್ನೇಯಕ್ಕೆ ಇರಲಿ. ಮುಂಗಾರಿನ ಗಾಳಿಮಳೆ ಪಶ್ಚಿಮ, ನೈಋತ್ಯದಿಂದ ಬೀಸುತ್ತದೆ, ಚಳಿಗಾಲದ ಗಾಳಿ ಈಶಾನ್ಯದಿಂದ. ಆಗ್ನೇಯದಲ್ಲಿ ಎರಡೂ ತಪ್ಪಿ ಬೆಳಗಿನ ಬಿಸಿಲು ಒಳಕ್ಕೆ ಬರುತ್ತದೆ. ಮೇವಿನ ಬಣವೆ, ಗೊಬ್ಬರಗುಂಡಿ, ಕೀಟನಾಶಕ ಇಡುವ ಕೋಣೆ ಇವುಗಳಿಂದ ಗೂಡು ದೂರವಿರಬೇಕು.

ಕಟ್ಟುವ ಕ್ರಮ

ದೇವನಹಳ್ಳಿ, ದೊಡ್ಡಬಳ್ಳಾಪುರ ಕಡೆಯ ದ್ರಾಕ್ಷಿ ಚಪ್ಪರಗಳು ನಿಂತಿರುವುದು ಕಲ್ಲುಕೂಚಗಳ ಮೇಲೆ. ಮುರಿದ ಕೂಚಗಳು ಎಷ್ಟೋ ತೋಟದ ಬದುವಿನಲ್ಲಿ ಬಿದ್ದಿರುತ್ತವೆ. ನಾಯಿಗೂಡಿನ ಕಾಲಿಗೆ ಇವಕ್ಕಿಂತ ಒಳ್ಳೆಯ ಸಾಮಾನಿಲ್ಲ. ಕೊಳೆಯುವುದಿಲ್ಲ, ಗೆದ್ದಲು ತಿನ್ನುವುದಿಲ್ಲ. ಕಲ್ಲಿನ ಮೇಲೆ ಗೆದ್ದಲು ಮಣ್ಣಿನ ದಾರಿ ಕಟ್ಟಿಕೊಂಡು ಹತ್ತಿದರೂ ಕೆಳಗಿನ ಜಾಗ ತೆರೆದಿರುವುದರಿಂದ ಕಣ್ಣಿಗೆ ಬೀಳುತ್ತದೆ, ಕೆರೆದು ಹಾಕಿದರಾಯಿತು.

ಒಂದು ನಾಯಿಗೆ ಒಳಗಿನ ಅಳತೆ 4 ಅಡಿ ಉದ್ದ, 3 ಅಡಿ ಅಗಲ ಸಾಕು. ಇದಕ್ಕಿಂತ ದೊಡ್ಡದು ಮಾಡಿದರೆ ಚಳಿಗಾಲದಲ್ಲಿ ನಾಯಿಯ ಮೈಶಾಖ ಗೂಡನ್ನು ಬೆಚ್ಚಗಿಡುವುದಿಲ್ಲ. ಮರಿ ಹಾಕುವ ಹೆಣ್ಣಿಗೆ ಮಾತ್ರ 5 ಅಡಿ, 4 ಅಡಿ ಇರಲಿ.

ಮೂರು ಅಡಿಗಿಂತ ಸ್ವಲ್ಪ ಕಡಿಮೆ ಉದ್ದದ ನಾಲ್ಕು ಕೂಚದ ತುಂಡುಗಳನ್ನು ನೆಲದ ಮೇಲೆ ಒಂದು ಅಡಿ ಕಾಣುವಂತೆ ಮಟ್ಟ ನೋಡಿ ಹುಗಿದು, ಬುಡಕ್ಕೆ ಜಲ್ಲಿ ಹಾಕಿ ದಮ್ಮಸ್ಸು ಮಾಡಬೇಕು. ಎರಡು ತುದಿಯಲ್ಲಿ ಜೋಡಿ ಕೂಚಗಳ ಮೇಲೆ ಮೂರೂವರೆ ಅಡಿಯ ಒಂದೊಂದು ಕಲ್ಲನ್ನು ತೊಲೆಯಂತೆ ಅಡ್ಡ ಇಟ್ಟು, ಗಾರೆಯಿಂದ ಕೂರಿಸಬೇಕು. ತೊಲೆಗಳ ಮೇಲೆ ನಾಲ್ಕೂವರೆ ಅಡಿ ಉದ್ದ, ಒಂದೂಮುಕ್ಕಾಲು ಅಡಿ ಅಗಲ, ಮೂರು ಅಂಗುಲ ದಪ್ಪದ ಎರಡು ಚಪ್ಪಡಿಗಳನ್ನು ಜೋಡಿಸಿ ನಡುವಿನ ಸಂದಿಯನ್ನು ಸಿಮೆಂಟಿನಿಂದ ತುಂಬಬೇಕು. ಚಪ್ಪಡಿ ಬಾಗಿಲ ಕಡೆಗೆ ಅರ್ಧ ಅಂಗುಲ ಇಳಿಜಾರಾಗಿದ್ದರೆ ತೊಳೆದ ನೀರು ತಾನೇ ಹೊರಬರುತ್ತದೆ.

ಗೋಡೆಗೆ ಒಂಬತ್ತು-ನಾಲ್ಕು-ಮೂರು ಅಂಗುಲದ ಇಟ್ಟಿಗೆಯನ್ನು ಅಂಚಿನ ಮೇಲೆ ನಿಲ್ಲಿಸಿ ಸಿಮೆಂಟಿನಲ್ಲಿ ಕಟ್ಟಿದರೆ ಮೂರು ಅಂಗುಲದ ಗೋಡೆಯಾಗುತ್ತದೆ. 150ರಿಂದ 170 ಇಟ್ಟಿಗೆ ಹಿಡಿದೀತು. ಮುಂದಿನ ಗೋಡೆ 3 ಅಡಿ, ಹಿಂದಿನದು ಎರಡೂವರೆ ಅಡಿ. ಒಳಗೂ ಹೊರಗೂ ನಯವಾಗಿ ಗಾರೆ ಮಾಡಿ, ಮೂಲೆಗಳನ್ನು ಚೂಪಾಗಿ ಬಿಡದೆ ಬಟ್ಟಲಿನಂತೆ ಉರುಟಾಗಿ ತೀಡಬೇಕು. ಈ ಕೆಲಸದಲ್ಲಿ ಗಾರೆಯವನಿಗೆ ಆತುರ ಮಾಡಬಾರದು. ಇಡೀ ಗೂಡಿನ ಪ್ರಯೋಜನ ನಿಂತಿರುವುದು ಈ ಗಾರೆಯ ಮೇಲೆ.

ಬಾಗಿಲನ್ನು ಉದ್ದದ ಗೋಡೆಯ ಒಂದು ತುದಿಯಲ್ಲಿ ಬಿಟ್ಟರೆ ನಾಯಿ ಇನ್ನೊಂದು ತುದಿಯಲ್ಲಿ ಗಾಳಿ ತಾಗದೆ ಮಲಗುತ್ತದೆ. ಒಂದೂವರೆ ಅಡಿ ಅಗಲ, ಎರಡು ಅಡಿ ಎತ್ತರ ಸಾಕು, ತಲೆ ತಗ್ಗಿಸಿ ಒಳಹೋಗುವುದು ನಾಯಿಗೆ ಇಷ್ಟವೇ. ಹಾಸು ಹೊರಬೀಳದಂತೆ ಬಾಗಿಲಿಗೆ ನಾಲ್ಕು ಅಂಗುಲದ ಹಲಗೆಯನ್ನು ಹೊಸ್ತಿಲಾಗಿ ಜಾರಿಸಿ ನಿಲ್ಲಿಸಬಹುದು, ತೊಳೆಯುವಾಗ ತೆಗೆಯಬಹುದು. ಊರಂಚಿನ ತೋಟವಾಗಿದ್ದು ಚಿರತೆಯ ಸುಳಿವಿದ್ದರೆ ಬಾಗಿಲಿಗೆ ಕಬ್ಬಿಣದ ಸರಳಿನ ಕದ ಕಡ್ಡಾಯ. ಸರಪಳಿಯಲ್ಲಿ ಕಟ್ಟಿದ ನಾಯಿ ಚಿರತೆಗೆ ಸುಲಭದ ತುತ್ತು, ಓಡಲೂ ಆಗದು, ಕಾದಲೂ ಆಗದು.

ಮಾಡಿಗೆ ಜಿಂಕ್ ತಗಡು ಹಾಕಿ, ಮುಂದಕ್ಕೆ ಒಂದು ಅಡಿ, ಉಳಿದ ಕಡೆ ಅರ್ಧ ಅಡಿ ಚಾಚಿರಲಿ. ತಗಡನ್ನು ಮರದ ಚೌಕಟ್ಟಿಗೆ ಬಿಗಿದು, ಚೌಕಟ್ಟನ್ನು ನಾಲ್ಕು ಬೋಲ್ಟುಗಳಿಂದ ಗೋಡೆಗೆ ಹಿಡಿಸಿದರೆ ಏಪ್ರಿಲ್, ಮೇ ತಿಂಗಳ ಬಿರುಗಾಳಿಗೆ ಹಾರುವುದಿಲ್ಲ. ಬೇಕಾದಾಗ ಬಿಚ್ಚಿ ಎತ್ತಿದರೆ ಒಳಗೆಲ್ಲ ಬಿಸಿಲು ಬೀಳುತ್ತದೆ. ಗೋಡೆಗೂ ತಗಡಿಗೂ ನಡುವೆ ಮುಂದೆ, ಹಿಂದೆ ಎರಡು ಅಂಗುಲ ಸಂದಿ ಬಿಟ್ಟು ತಂತಿಬಲೆ ಹೊಡೆದರೆ ಬಿಸಿಗಾಳಿ ಹೊರಹೋಗುತ್ತದೆ. ಬೇಸಿಗೆಯಲ್ಲಿ ತಗಡಿನ ಮೇಲೆ ತೆಂಗಿನ ಸೋಗೆ ಹೊದಿಸಬೇಕು, ಮಳೆ ಹಿಡಿದೊಡನೆ ತೆಗೆದು ಸುಡಬೇಕು. ಒಳಗಡೆ ಮಾತ್ರ ಸೋಗೆಯಾಗಲಿ ಹುಲ್ಲಾಗಲಿ ಕಟ್ಟಬಾರದು.

ಹಾಸುಮಣೆ

ಕಲ್ಲು ತಂಪು, ಗಟ್ಟಿ. ಅದರ ಮೇಲೆ ಹಲಗೆಯ ಮಣೆ ಬೇಕೇ ಬೇಕು. ಹತ್ತರಿ ಹೊಡೆದ ಹಲಗೆಗಳನ್ನು ಎರಡು ಅಂಗುಲ ಎತ್ತರದ ಎರಡು ಪಟ್ಟಿಗಳ ಮೇಲೆ ಹೊಡೆದು, ಬಾಗಿಲಿನಿಂದ ಓರೆ ಮಾಡಿ ಹೊರತೆಗೆಯುವಷ್ಟು ಅಗಲದ ಎರಡು ತುಂಡುಗಳಾಗಿ ಮಾಡಿಸಬೇಕು. ನಮ್ಮಲ್ಲಿ ಸುಲಭವಾಗಿ ಸಿಗುವ ನೀಲಗಿರಿ ಇದಕ್ಕೆ ಆಗದು. ಒಣಗುತ್ತ ಸೀಳುವುದು ಅದರ ಗುಣ, ಸೀಳಿದರೆ ಉಣ್ಣಿಗೆ ಮನೆ. ಸಿಲ್ವರ್ ಓಕ್ ಅಥವಾ ಹಳೆಯ ಬಾಗಿಲ ಹಲಗೆ ಆದೀತು.

ಮಣೆಯ ಮೇಲೆ ಒಗೆದ ಗೋಣಿತಾಟು ಎರಡು ಪದರ ಹಾಕಿ. ಚಳಿಗಾಲದಲ್ಲಿ ಭತ್ತದ ಹುಲ್ಲು ಸೇರಿಸಿ, ಹದಿನೈದು ದಿನಕ್ಕೊಮ್ಮೆ ಬದಲಿಸಿ ಸುಡಿ. ರಾಗಿ ಹುಲ್ಲು ದನಕ್ಕಿರಲಿ. ರಸಗೊಬ್ಬರ, ಬೀಜೋಪಚಾರದ ಬೀಜ ತುಂಬಿದ್ದ ಚೀಲಗಳನ್ನು ಎಷ್ಟೇ ತೊಳೆದರೂ ಹಾಸಬಾರದು.

ವಾರಕ್ಕೊಮ್ಮೆ ಮಣೆಗಳನ್ನು ಹೊರತೆಗೆದು ಕುದಿಯುವ ನೀರು ಸುರಿದು ದಿನವಿಡೀ ಬಿಸಿಲಿಗೆ ಒರಗಿಸಬೇಕು. ಮೂರು ತಿಂಗಳಿಗೊಮ್ಮೆ ನಾಯಿಯನ್ನು ಬೇರೆಡೆ ಕಟ್ಟಿ, ಗೋಡೆಯ ಕೂದಲೆಳೆಯ ಬಿರುಕನ್ನೂ ಬಿಡದೆ ಸಿಮೆಂಟಿನಿಂದ ಮುಚ್ಚಿ, ಸುಣ್ಣ ಬಳಿದು, ಪೂರ್ತಿ ಒಣಗಿದ ಮೇಲೆ ಒಳಬಿಡಬೇಕು. ಹಸಿ ಸುಣ್ಣ ನಾಯಿಯ ಪಾದವನ್ನು ಸುಡುತ್ತದೆ.

ಹೊಲದ ಔಷಧಿ ಬೇಡ

ಉಣ್ಣಿ ಕಂಡೊಡನೆ ಟೊಮ್ಯಾಟೊಗೆ ಹೊಡೆದು ಉಳಿದ ಕೀಟನಾಶಕವನ್ನು ನಾಯಿಯ ಮೈಗೆ ಸವರುವ, ಗೂಡಿಗೆ ಸಿಂಪಡಿಸುವ ರೂಢಿ ನಮ್ಮ ಹಳ್ಳಿಗಳಲ್ಲಿ ಹೋಗಿಲ್ಲ. ಇದರಿಂದ ಜೊಲ್ಲು ಸುರಿಸಿ, ನಡುಗಿ ಸಾಯುವ ನಾಯಿಗಳಿವೆ. ನಾಯಿ ತನ್ನ ಮೈಯನ್ನೂ ಮಲಗುವ ಮಣೆಯನ್ನೂ ನೆಕ್ಕುತ್ತದೆ ಎಂಬುದು ನೆನಪಿರಲಿ. ತೆಳ್ಳನೆಯ ಮೈಯ ನಾಯಿಗೆ ಪ್ರಮಾಣದ ತಪ್ಪು ಬೇಗ ತಟ್ಟುತ್ತದೆ. ಉಣ್ಣಿಯ ಮದ್ದನ್ನು ಪಶುವೈದ್ಯರು ನಾಯಿಯ ತೂಕ ನೋಡಿ ಹೇಳಿದಂತೆಯೇ ಕೊಡಬೇಕು. ಮನೆಯಲ್ಲಿ ಬೆಕ್ಕಿದ್ದರೆ ಅದನ್ನೂ ವೈದ್ಯರಿಗೆ ತಿಳಿಸಿ. ನಾಯಿಗೆ ಹಾಕುವ ಪರ್ಮೆಥ್ರಿನ್ ಬೆಕ್ಕಿಗೆ ವಿಷ.

ಅಂಗಳದ ಹೇಲನ್ನು ದಿನವೂ ಬಾಚಿ, ಬಾವಿ ಮತ್ತು ಸೊಪ್ಪಿನ ಮಡಿಗಳಿಂದ ದೂರ ಆಳವಾಗಿ ಹೂಳಬೇಕು. ಗೊಬ್ಬರಗುಂಡಿಗೆ ಹಾಕಿದರೆ ಹುಳುವಿನ ಮೊಟ್ಟೆ ದಂಟು, ಕೊತ್ತಂಬರಿಯ ಜೊತೆ ಪೇಟೆಯವರೆಗೂ ಹೋಗುತ್ತದೆ. ಜಂತುಹುಳುವಿನ ಔಷಧಿ, ಮೂರು ತಿಂಗಳ ಮರಿಗೆ ಹುಚ್ಚುನಾಯಿ ರೋಗದ ಲಸಿಕೆ ಮತ್ತು ನಂತರ ವೈದ್ಯರು ಹೇಳಿದ ಮರುಲಸಿಕೆಗಳು ಗೂಡು ಎಷ್ಟು ಚೆನ್ನಾಗಿದ್ದರೂ ತಪ್ಪಬಾರದು.

ಕಟ್ಟುವ ಕೆಲಸಕ್ಕೆ ಜನವರಿಯಿಂದ ಮಾರ್ಚಿಯವರೆಗಿನ ಕಾಲ ಅನುಕೂಲ. ಗಾರೆಗೆ ಒಂದು ವಾರ ನೀರುಣಿಸಿ, ಮತ್ತೆರಡು ವಾರ ಒಣಗಲು ಬಿಡಿ. ಹೊಸ ಗೂಡಿಗೆ ನಾಯಿಯನ್ನು ಎಳೆದು ತಳ್ಳಿದರೆ ಅದು ಮತ್ತೆ ಒಳಹೋಗುವುದಿಲ್ಲ. ಹಳೆಯ ಗೋಣಿತಾಟಿನಲ್ಲಿ ಉಣ್ಣಿ ಇರುವುದರಿಂದ ಅದನ್ನು ಒಯ್ಯುವಂತಿಲ್ಲ. ಹೊಸ ಗೋಣಿಯ ಮೇಲೆ ಮನೆಯವರು ಒಂದೆರಡು ದಿನ ಕುಳಿತೆದ್ದು, ಅದನ್ನು ಮಣೆಗೆ ಹಾಸಿ, ಸಂಜೆಯ ಮುದ್ದೆಯನ್ನು ನಾಲ್ಕೈದು ದಿನ ಬಾಗಿಲು ತೆರೆದಿಟ್ಟು ಒಳಗೇ ಇಟ್ಟರೆ ನಾಯಿ ತಾನಾಗಿಯೇ ಹೋಗಿ ಮಲಗುತ್ತದೆ.